ಯೂರಿಯೇಸ್ ಕಿಣ್ವದ ಒಳರಚನೆ ಮತ್ತು ಹೊಲದಲ್ಲಿ ಯೂರಿಯಾ ನಷ್ಟ

ಮೇಲುಗೊಬ್ಬರವಾಗಿ ಎರಚಿದ ಯೂರಿಯಾದ ಒಂದು ಪಾಲು ಬೆಳೆಗೆ ದೊರೆಯದೆ ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ನಷ್ಟದ ಪ್ರಮಾಣವು ಮಣ್ಣು, ತೇವ, ಬಿಸಿಲು ಹಾಗೂ ಗಾಳಿಯನ್ನು ಅವಲಂಬಿಸಿ ಬಹಳ ಬದಲಾಗುತ್ತದೆ. ಹಾಕಿದ ಕೂಡಲೇ ಹದವಾದ ಮಳೆ ಬಂದರೆ ಅದು ನಗಣ್ಯ; ಪ್ರತಿಕೂಲ ಸನ್ನಿವೇಶದಲ್ಲಿ ಹಾಕಿದ ಸಾರಜನಕದ ಕಾಲು ಭಾಗವನ್ನೂ ಮೀರಬಹುದು. 45 ಕೆ.ಜಿ. ತೂಕದ ಯೂರಿಯಾ ಚೀಲದಲ್ಲಿ ಶೇ 46ರಂತೆ 20.7 ಕೆ.ಜಿ. ಸಾರಜನಕವಿರುತ್ತದೆ. ಕಾಲು ಭಾಗ ಹೋಯಿತೆಂದರೆ ಚೀಲವೊಂದಕ್ಕೆ 5 ಕೆ.ಜಿ.ಗೂ ಹೆಚ್ಚು ಸಾರಜನಕ ಹೋಯಿತೆಂದೇ ಅರ್ಥ.

ಬೇವು ಲೇಪಿತ ಯೂರಿಯಾ ಬಂದ ಮೇಲೆ ಈ ನಷ್ಟ ನಿಂತಿತು ಎಂಬ ನಂಬಿಕೆ ಅನೇಕ ರೈತ ಬಾಂಧವರಲ್ಲಿಯೂ, ಕೆಲವು ವಿಸ್ತರಣಾ ಕಾರ್ಯಕರ್ತರಲ್ಲಿಯೂ ಇದೆ. ಅದು ಸರಿಯಲ್ಲ. ಏಕೆ ಸರಿಯಲ್ಲ ಎಂಬುದನ್ನು ತಿಳಿಯಲು ಯೂರಿಯಾವನ್ನು ಒಡೆಯುವ ಯೂರಿಯೇಸ್ ಎಂಬ ಕಿಣ್ವದ ಒಳರಚನೆಯನ್ನು ನೋಡಬೇಕಾಗುತ್ತದೆ. ಮಣ್ಣಿನ ದುಂಡಾಣುಗಳಲ್ಲಿರುವ ಈ ಕಿಣ್ವವೇ ಮನುಷ್ಯರ ಜಠರದಲ್ಲಿ ಹುಣ್ಣು ಉಂಟುಮಾಡುವ ದುಂಡಾಣುವಿನಲ್ಲಿಯೂ ಇದೆ. ಆದ್ದರಿಂದ ಔಷಧ ಹುಡುಕುವವರು ಮತ್ತು ಗೊಬ್ಬರ ಉಳಿಸುವವರು ಬಹುಕಾಲದಿಂದ ಒಂದೇ ಅಣುವನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ.

ಹುರುಳಿ ಹಿಟ್ಟು ಮತ್ತು ಅರಿಶಿನದ ಕಾಗದ

ಕಿಣ್ವವೆಂಬುದು ಕಣ್ಣಿಗೆ ಕಾಣದ ವಸ್ತು. ಆದರೂ ಅದರ ಕೆಲಸವನ್ನು ಅಡುಗೆಮನೆಯ ಸಾಮಗ್ರಿಗಳಿಂದಲೇ ತೋರಿಸಬಹುದು. ಹುರುಳಿ ಕಾಳಿನಲ್ಲಿ ಯೂರಿಯೇಸ್ ಧಾರಾಳವಾಗಿದೆ. ಎರಡು ಲೋಟ ಕುಡಿಯುವ ನೀರಿನಲ್ಲಿ ತಲಾ ಒಂದು ಚಮಚ ಯೂರಿಯಾ ಕರಗಿಸಿ. ಒಂದು ಲೋಟಕ್ಕೆ ಎರಡು ಚಮಚ ಹಸಿ ಹುರುಳಿ ಹಿಟ್ಟನ್ನೂ, ಇನ್ನೊಂದಕ್ಕೆ ನೀರಿನಲ್ಲಿ 15 ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ ಅಷ್ಟೇ ಹಿಟ್ಟನ್ನೂ ಕಲಸಿ. ಬಿಳಿಯ ಕಾಗದಕ್ಕೆ ಅರಿಶಿನದ ಗಂಧ ಬಳಿದು ಒಣಗಿಸಿ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಳ್ಳಿ. ಅರ್ಧ ಗಂಟೆ, ಒಂದು ಗಂಟೆ ಕಳೆದ ಮೇಲೆ ಪಟ್ಟಿಯನ್ನು ಅದ್ದಿ ನೋಡಿದರೆ ಹಸಿ ಹಿಟ್ಟಿನ ಲೋಟದಲ್ಲಿ ಅದು, ಅರಿಶಿನಕ್ಕೆ ಸುಣ್ಣ ಸೇರಿದಾಗ ಆಗುವಂತೆ, ಕೆಂಪಾಗುತ್ತದೆ. ಕುದಿಸಿದ ಹಿಟ್ಟಿನ ಲೋಟದಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ನೀವು ಬಳಸುವ ನೀರೇ ಕ್ಷಾರವಾಗಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಎರಡೂ ದ್ರಾವಣಗಳನ್ನು ಮಕ್ಕಳ ಮತ್ತು ದನಕರುಗಳ ಕೈಗೆ, ಬಾಯಿಗೆ ಸಿಗದಂತೆ ಗಿಡದ ಬುಡಕ್ಕೆ ಚೆಲ್ಲಿಬಿಡಿ.

ಇಲ್ಲಿ ನಡೆದದ್ದು ಇಷ್ಟು. ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಬಿಡುಗಡೆ ಮಾಡಿತು. ಅಮೋನಿಯಾದಿಂದ ನೀರಿನ ರಸಸಾರ ಏರಿತು. ಅರಿಶಿನ ಬಣ್ಣ ಬದಲಿಸಿತು. ಹೊಲದಲ್ಲಿ ಯೂರಿಯಾ ಕಾಳಿನ ಸುತ್ತ ನಡೆಯುವುದೂ ಇದೇ. ಕುದಿಸಿದ ಹಿಟ್ಟಿನಲ್ಲಿ ಪ್ರೋಟೀನಿನ ಧಾತುಗಳಾವುವೂ ಕಡಿಮೆಯಾಗಿಲ್ಲ. ಕಿಣ್ವದ ಸರಪಳಿ ಮಡಚಿಕೊಂಡಿದ್ದ ಆಕಾರ ಮಾತ್ರ ಶಾಖಕ್ಕೆ ಬಿಚ್ಚಿಹೋಗಿದೆ. ಆಕಾರ ಕೆಟ್ಟರೆ ಕೆಲಸ ನಿಲ್ಲುತ್ತದೆ ಎಂಬ ಈ ಅಂಶದ ಮೇಲೆಯೇ ರಚನಾತ್ಮಕ ಜೀವವಿಜ್ಞಾನವೆಂಬ ಶಾಸ್ತ್ರ ನಿಂತಿದೆ. ತರಬೇತಿ ಶಿಬಿರಗಳಿಗೆ ಇದಕ್ಕಿಂತ ಅಗ್ಗದ ಪ್ರಾತ್ಯಕ್ಷಿಕೆ ನನಗೆ ತಿಳಿದಿಲ್ಲ. ಪಶು ಆಹಾರ ಕಾರ್ಖಾನೆಗಳಲ್ಲಿ ಸೋಯಾ ಹಿಂಡಿ ಸರಿಯಾಗಿ ಬೆಂದಿದೆಯೇ ಎಂದು ನೋಡಲು ಮಾಡುವ ಯೂರಿಯೇಸ್ ಪರೀಕ್ಷೆಯೂ ಇದೇ ತತ್ತ್ವದ್ದು. ಅಲ್ಲಿ ರಸಸಾರದ ಏರಿಕೆ 0.05 ರಿಂದ 0.20ರ ನಡುವೆ ಇದ್ದರೆ ಹಿಂಡಿ ಹದವಾಗಿ ಬೆಂದಿದೆ ಎಂದು ಪರಿಗಣಿಸುತ್ತಾರೆ.

ಸ್ಫಟಿಕದಿಂದ ಪರಮಾಣುವಿನವರೆಗೆ

ಕಿಣ್ವವೊಂದನ್ನು ಮೊತ್ತಮೊದಲ ಬಾರಿಗೆ ಶುದ್ಧ ಸ್ಫಟಿಕವಾಗಿ ಪಡೆದದ್ದು ಯೂರಿಯೇಸ್‌ನಲ್ಲಿಯೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಅವರು 1917ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಅವರು ಒಂದೇ ಕೈಯಲ್ಲಿ ಒಂಬತ್ತು ವರ್ಷ ಪ್ರಯತ್ನಿಸಿ, ಜಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನ ಹಿಟ್ಟನ್ನು ಅಸಿಟೋನ್ ಬೆರೆಸಿದ ನೀರಿನಲ್ಲಿ ಸೋಸಿ ತಂಪಿನಲ್ಲಿ ಇರಿಸಿ, 1926ರಲ್ಲಿ ಸ್ಫಟಿಕಗಳನ್ನು ಕಂಡರು. ಕಿಣ್ವವೆಂದರೆ ಪ್ರೋಟೀನು ಎಂಬ ಅವರ ತೀರ್ಮಾನವನ್ನು ಆಗಿನ ಹಿರಿಯ ರಸಾಯನಶಾಸ್ತ್ರಜ್ಞರು ಬಹುಕಾಲ ಒಪ್ಪಲಿಲ್ಲ. 1946ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಯೂರಿಯೇಸ್‌ನಲ್ಲಿ ನಿಕ್ಕಲ್ ಲೋಹವಿದೆ ಎಂಬುದು ತಿಳಿದದ್ದು ಇನ್ನೂ ತಡವಾಗಿ, 1975ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿಯವರೆಗೆ ನಿಕ್ಕಲ್‌ಗೆ ಜೀವಿಗಳಲ್ಲಿ ಯಾವ ಕೆಲಸವೂ ಇರುವಂತೆ ತೋರಿರಲಿಲ್ಲ. 1983ರಲ್ಲಿ ಸೋಯಾ ಅವರೆಯ ಮೇಲಿನ ಪ್ರಯೋಗಗಳು ನಿಕ್ಕಲ್ ದೊರೆಯದ ಗಿಡದ ಎಲೆತುದಿಗಳಲ್ಲಿ ಯೂರಿಯಾ ಶೇಖರಗೊಂಡು ತುದಿ ಸುಡುವುದನ್ನು ತೋರಿಸಿದವು. ಇಂದು ಪುಸ್ತಕಗಳಲ್ಲಿ ನಿಕ್ಕಲ್ ಅಗತ್ಯ ಪೋಷಕಾಂಶಗಳ ಪಟ್ಟಿಯಲ್ಲಿರುವುದಕ್ಕೆ ಮುಖ್ಯ ಕಾರಣ ಈ ಕಿಣ್ವವೇ. ಹಾಗೆಂದು ನಿಕ್ಕಲ್ ಲವಣ ಸಿಂಪಡಿಸಲು ಯಾರೂ ಮುಂದಾಗಬಾರದು. ಬೆಳೆಗೆ ಬೇಕಾದದ್ದು ಅತ್ಯಲ್ಪ; ಸ್ವಲ್ಪ ಹೆಚ್ಚಾದರೂ ಅದು ವಿಷ.

ಸ್ಫಟಿಕ ದೊರೆತ ಮಾತ್ರಕ್ಕೆ ಒಳರಚನೆ ತಿಳಿಯುವುದಿಲ್ಲ. ಸ್ಫಟಿಕದಲ್ಲಿ ಅದೇ ಅಣು ಕೋಟಿಗಟ್ಟಲೆ ಸಂಖ್ಯೆಯಲ್ಲಿ, ನಾಟಿ ಗದ್ದೆಯ ಸಾಲುಗಳಂತೆ ಒಂದೇ ಅಂತರದಲ್ಲಿ ಜೋಡಣೆಯಾಗಿರುತ್ತದೆ. ಅದರ ಮೇಲೆ ಕ್ಷ-ಕಿರಣ ಹಾಯಿಸಿದಾಗ ಕಿರಣಗಳು ಚದುರಿ ಸಾವಿರಾರು ಚುಕ್ಕೆಗಳ ವಿನ್ಯಾಸ ಮೂಡುತ್ತದೆ. ಪ್ರತಿ ಚುಕ್ಕೆಯ ಸ್ಥಾನ ಮತ್ತು ತೀವ್ರತೆಯಿಂದ ಲೆಕ್ಕ ಹಾಕಿ ಅಣುವಿನಲ್ಲಿ ಯಾವ ಪರಮಾಣು ಎಲ್ಲಿದೆ ಎಂಬ ನಕ್ಷೆಯನ್ನು ಕಟ್ಟುತ್ತಾರೆ. ಇಲ್ಲಿನ ಅಳತೆಗೋಲು ಆಂಗ್‌ಸ್ಟ್ರಮ್. ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಗಟ್ಟಿ ಬುನಾದಿ ಇದೆ. ಪ್ರೋಟೀನುಗಳ ಮಡಿಕೆಗಳಿಗೆ ಮಿತಿ ತೋರಿಸುವ ನಕ್ಷೆಯನ್ನು 1963ರಲ್ಲಿ ರೂಪಿಸಿದ ಜಿ.ಎನ್. ರಾಮಚಂದ್ರನ್ ಅವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ದುಡಿದು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದವರು.

ಯೂರಿಯೇಸ್‌ನ ಪೂರ್ಣ ರಚನೆ ಮೊದಲು ದೊರೆತದ್ದು 1995ರಲ್ಲಿ, ಕ್ಲೆಬ್ಸಿಯೆಲ್ಲಾ ಎಂಬ ದುಂಡಾಣುವಿನ ಕಿಣ್ವದಿಂದ; ಅದೂ ಸಮ್ನರ್ ಅವರ ಕಾರ್ನೆಲ್‌ನಲ್ಲಿಯೇ ಮುಖ್ಯವಾಗಿ ನಡೆದ ಕೆಲಸ. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ತಂಡವು 1999ರಲ್ಲಿ ಮಣ್ಣಿನ ದುಂಡಾಣುವಾದ ಸ್ಪೊರೊಸಾರ್ಸಿನಾ ಪಾಸ್ಚುರಿಯ ಯೂರಿಯೇಸ್ ರಚನೆಯನ್ನು ಪ್ರಕಟಿಸಿತು. ಕೃಷಿಗೆ ಹೆಚ್ಚು ಉಪಯುಕ್ತವಾದದ್ದು ಇದು. ಸಮ್ನರ್ ಅವರ ಜಾಕ್ ಬೀನ್ ಯೂರಿಯೇಸ್‌ನ ರಚನೆ ಮಾತ್ರ 2010ರವರೆಗೆ ಕಾಯಬೇಕಾಯಿತು. ಅದನ್ನು ಬಿಡಿಸಿದವರು ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು.

ಎರಡು ನಿಕ್ಕಲ್, ಒಂದು ಮುಚ್ಚಳ

ದುಂಡಾಣು, ಸಸ್ಯ ಯಾವುದರಿಂದ ಬಂದರೂ ಯೂರಿಯೇಸ್‌ನ ಕ್ರಿಯಾಸ್ಥಾನ ಬಹುಮಟ್ಟಿಗೆ ಒಂದೇ. ಅಲ್ಲಿ ಎರಡು ನಿಕ್ಕಲ್ ಅಯಾನುಗಳು ಸುಮಾರು 3.5 ರಿಂದ 3.7 ಆಂಗ್‌ಸ್ಟ್ರಮ್ ಅಂತರದಲ್ಲಿ ಕುಳಿತಿವೆ. ಇವೆರಡರ ನಡುವೆ ನೀರಿನಿಂದ ಬಂದ ಒಂದು ಹೈಡ್ರಾಕ್ಸೈಡ್ ಸೇತುವೆಯಂತಿದೆ. ಮೇಲೆ ಒಂದು ಮುಚ್ಚಳ. ಅದು ತೆರೆದಾಗ ಯೂರಿಯಾ ಅಣು ಒಳಬರುತ್ತದೆ, ಅದರ ಆಮ್ಲಜನಕ ಒಂದು ನಿಕ್ಕಲ್‌ಗೂ, ಒಂದು ಸಾರಜನಕ ಇನ್ನೊಂದು ನಿಕ್ಕಲ್‌ಗೂ ಅಂಟುತ್ತವೆ, ಮುಚ್ಚಳ ಮುಚ್ಚಿಕೊಳ್ಳುತ್ತದೆ, ನಡುವಿನ ಹೈಡ್ರಾಕ್ಸೈಡ್ ಯೂರಿಯಾದ ಇಂಗಾಲಕ್ಕೆ ತಗಲಿ ಅಣು ಸೀಳುತ್ತದೆ. ಒಂದು ಅಮೋನಿಯಾ ಅಲ್ಲಿಯೇ ಹೊರಬೀಳುತ್ತದೆ. ಉಳಿದ ಕಾರ್ಬಮೇಟ್ ತಾನಾಗಿಯೇ ಒಡೆದು ಇನ್ನೊಂದು ಅಮೋನಿಯಾ ಕೊಡುತ್ತದೆ. ಕಿಣ್ವದ ಒಂದು ಕ್ರಿಯಾಸ್ಥಾನ ಸೆಕೆಂಡಿಗೆ ಸಾವಿರಾರು ಯೂರಿಯಾ ಅಣುಗಳನ್ನು ಹೀಗೆ ಒಡೆಯಬಲ್ಲುದು. ಕಿಣ್ವವಿಲ್ಲದ ಶುದ್ಧ ನೀರಿನಲ್ಲಿ ಯೂರಿಯಾ ಅರ್ಧದಷ್ಟು ಒಡೆಯಲು ವರ್ಷಗಳೇ ಬೇಕು.

ಕಿಣ್ವ ಇಷ್ಟು ವೇಗವಾಗಿ ಕೆಲಸ ಮಾಡುವುದರಿಂದ ಯೂರಿಯಾ ಒಳಹೊಕ್ಕು ಕುಳಿತ ಭಂಗಿಯನ್ನು ಹಿಡಿಯುವುದು ಬಹಳ ಕಾಲ ಸಾಧ್ಯವಾಗಿರಲಿಲ್ಲ. ಬೊಲೊನ್ಯಾ ತಂಡದವರು ಹೈಡ್ರಾಕ್ಸೈಡ್ ಇರಬೇಕಾದ ಜಾಗದಲ್ಲಿ ಫ್ಲೂರೈಡ್ ಕೂರಿಸಿ ಕಿಣ್ವದ ಕೈ ಕಟ್ಟಿಹಾಕಿ, 2019ರಲ್ಲಿ ಅದನ್ನು ಚಿತ್ರಿಸಿದರು.

ಜಠರದಲ್ಲಿ ಇದೇ ಬೀಗ

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ದುಂಡಾಣು ಜಠರದ ತೀವ್ರ ಆಮ್ಲದಲ್ಲಿ ಬದುಕುವುದು ಯೂರಿಯೇಸ್ ಬಲದಿಂದ. ದೇಹದ ದ್ರವಗಳಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ತಯಾರಿಸಿ ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಹುರುಳಿ ಹಿಟ್ಟಿನ ಲೋಟದಲ್ಲಿ ನಾವು ಕಂಡ ಕ್ರಿಯೆಯೇ ಅದಕ್ಕೆ ಜೀವರಕ್ಷೆ. ಈ ದುಂಡಾಣುವನ್ನು ಗುರುತಿಸಿ ಜಠರದ ಹುಣ್ಣಿಗೆ ಸಂಬಂಧ ಕಲ್ಪಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ರೋಗಿಗೆ ಗುರುತು ಹಾಕಿದ ಯೂರಿಯಾ ಕುಡಿಸಿ ಉಸಿರಿನಲ್ಲಿ ಅದೇ ಗುರುತಿನ ಇಂಗಾಲದ ಡೈಆಕ್ಸೈಡ್ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಈಗ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಕಿಣ್ವವೇ ಜೀವರಕ್ಷೆಯಾದರೆ ಅದಕ್ಕೆ ಬೀಗ ಹಾಕುವ ಔಷಧ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಪೈಲೋರಿಯ ಯೂರಿಯೇಸ್ ರಚನೆ 2001ರಲ್ಲಿ ಬಿಡಿಸಲ್ಪಟ್ಟಿತು. 2021ರಲ್ಲಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ, ಪ್ರತಿಬಂಧಕವೊಂದು ಕ್ರಿಯಾಸ್ಥಾನದಲ್ಲಿ ಕುಳಿತಿರುವ ಚಿತ್ರ 2.0 ಆಂಗ್‌ಸ್ಟ್ರಮ್ ಸ್ಪಷ್ಟತೆಯಲ್ಲಿ ದೊರೆಯಿತು. ಆದರೂ ದಾರಿ ಸುಲಭವಾಗಿಲ್ಲ. ಅಸಿಟೊಹೈಡ್ರಾಕ್ಸಾಮಿಕ್ ಆಮ್ಲವೆಂಬ ಯೂರಿಯೇಸ್ ಪ್ರತಿಬಂಧಕವನ್ನು ಅಮೆರಿಕದಲ್ಲಿ 1983ರಿಂದ ಮೂತ್ರಕೋಶದ ಸೋಂಕಿನ ಕಲ್ಲುಗಳಿಗೆ ಪೂರಕ ಔಷಧವಾಗಿ ಅನುಮತಿಸಲಾಗಿದೆ. ಅಡ್ಡಪರಿಣಾಮಗಳಿಂದಾಗಿ ಅದರ ಬಳಕೆ ಸೀಮಿತ, ಗರ್ಭಿಣಿಯರಿಗೆ ನಿಷಿದ್ಧ. ಪೈಲೋರಿ ಸೋಂಕಿಗೆ ಇಂದಿಗೂ ವೈದ್ಯರು ಪ್ರತಿಜೀವಕಗಳು ಮತ್ತು ಆಮ್ಲ ತಗ್ಗಿಸುವ ಔಷಧಗಳನ್ನು ಒಟ್ಟಾಗಿ ಕೊಡುತ್ತಾರೆ.

ಕೃಷಿಯವರಾದ ನಾವು ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ವೈದ್ಯರಿಗೆ ದುಂಡಾಣು ಸಾಯಬೇಕು. ಹೊಲದಲ್ಲಿ ದುಂಡಾಣುಗಳನ್ನು ಕೊಂದರೆ ಪ್ರಯೋಜನವಿಲ್ಲ, ಹಾನಿಯೇ ಹೆಚ್ಚು. ದುಂಡಾಣು ಸತ್ತ ಮೇಲೂ ಅದರಿಂದ ಹೊರಬಿದ್ದ ಯೂರಿಯೇಸ್ ಜೇಡಿ ಕಣಗಳಿಗೂ ಸಾವಯವ ಅಂಶಕ್ಕೂ ಅಂಟಿಕೊಂಡು ಬಹುಕಾಲ ಕ್ರಿಯಾಶೀಲವಾಗಿರುತ್ತದೆ. ನಮಗೆ ಯೂರಿಯಾ ಒಡೆಯುವುದೂ ಬೇಕು, ಇಲ್ಲವಾದರೆ ಬೆಳೆಗೆ ಸಾರಜನಕವೇ ಸರಿಯಾಗಿ ಸಿಗದು. ಬೇಕಾದದ್ದು ವಿಳಂಬ ಮಾತ್ರ: ಯೂರಿಯಾ ಮಣ್ಣಿನೊಳಕ್ಕೆ ಇಳಿಯುವವರೆಗೆ ಕೆಲವು ದಿನಗಳ ವಿಳಂಬ.

ಕಿಣ್ವಕ್ಕೆ ತಡೆ ಹಾಕುವ ಗೊಬ್ಬರ

ಎನ್‌ಬಿಪಿಟಿ ಎಂಬ ಸಂಯುಕ್ತವನ್ನು ಲೇಪಿಸಿದ ಯೂರಿಯಾ ಹಲವು ದೇಶಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಅದು ತಡೆಯುತ್ತದೆ ಎಂಬುದು ಹೊಲದಲ್ಲಿ ಮೊದಲೇ ತಿಳಿದಿತ್ತು; ಹೇಗೆ ತಡೆಯುತ್ತದೆ ಎಂಬುದು ಸ್ಪಷ್ಟವಾದದ್ದು 2017ರಲ್ಲಿ, ಬೊಲೊನ್ಯಾ ತಂಡವು ಮಣ್ಣಿನ ದುಂಡಾಣುವಿನ ಯೂರಿಯೇಸನ್ನು ಎನ್‌ಬಿಪಿಟಿಯೊಂದಿಗೆ ಸ್ಫಟಿಕವಾಗಿಸಿದಾಗ. ನಿಕ್ಕಲ್‌ಗಳ ಮೇಲೆ ಕಂಡದ್ದು ಎನ್‌ಬಿಪಿಟಿ ಅಲ್ಲ, ಅದರ ತುಂಡು. ಕಿಣ್ವವು ಅದನ್ನು ಯೂರಿಯಾದಂತೆಯೇ ಒಳಬಿಟ್ಟುಕೊಂಡು ಒಡೆದಿತ್ತು. ಒಡೆದ ತುಂಡು ಎರಡೂ ನಿಕ್ಕಲ್‌ಗಳಿಗೆ ಅಂಟಿಕೊಂಡು ಕ್ರಿಯಾಸ್ಥಾನವನ್ನೇ ಮುಚ್ಚಿತ್ತು. ಬೀಗದೊಳಗೆ ಮುರಿದುಕೊಂಡ ಕೀಲಿಕೈ ಇದ್ದಂತೆ.

ಈ ತಿಳಿವಳಿಕೆಯಿಂದ ಮಾರಾಟಗಾರರ ಮಾತುಗಳನ್ನು ತೂಗಿ ನೋಡಬಹುದು. ಎನ್‌ಬಿಪಿಟಿ ಮಣ್ಣಿನಲ್ಲಿ ತಾನೂ ಶಿಥಿಲವಾಗುತ್ತದೆ, ಹುಳಿ ಮಣ್ಣಿನಲ್ಲಿ ಇನ್ನೂ ಬೇಗ. ಆದ್ದರಿಂದ ಪರಿಣಾಮ ಒಂದೆರಡು ವಾರಗಳದ್ದು. ಬೆಚ್ಚಗಿನ ಗೋದಾಮಿನಲ್ಲಿ ಬಹುಕಾಲ ಇಟ್ಟ ಲೇಪಿತ ಗೊಬ್ಬರದ ಶಕ್ತಿಯೂ ಕುಂದುತ್ತದೆ. ಇಡೀ ಬೆಳೆ ಅವಧಿಗೆ ಒಮ್ಮೆ ಹಾಕಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಬೆಳೆಯ ಎಲೆಯಲ್ಲಿರುವ ಯೂರಿಯೇಸ್‌ಗೂ ಇದೇ ಕ್ರಿಯಾಸ್ಥಾನ ಇರುವುದರಿಂದ ಎನ್‌ಬಿಪಿಟಿ ಬೇರಿನ ಮೂಲಕ ಒಳಹೋದಾಗ ಕೆಲವೊಮ್ಮೆ ಎಲೆತುದಿ ತಾತ್ಕಾಲಿಕವಾಗಿ ಹಳದಿಯಾಗಬಹುದು. ಅದು ರೋಗವಲ್ಲ, ಔಷಧ ಸಿಂಪಡಿಸುವ ಅಗತ್ಯವಿಲ್ಲ. ಯೂರಿಯಾವನ್ನು ಮಣ್ಣಿನಲ್ಲಿ ಮುಚ್ಚುವ ಅಥವಾ ಕೂಡಲೇ ನೀರು ಹಾಯಿಸುವ ಅನುಕೂಲ ಇರುವ ರೈತರಿಗೆ ಇದರಿಂದ ಹೆಚ್ಚಿನ ಲಾಭವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಯಾವುದೇ ಹೊಸ ಉತ್ಪನ್ನ ಕೊಳ್ಳುವ ಮುನ್ನ ಅದು ರಸಗೊಬ್ಬರ ನಿಯಂತ್ರಣ ಆದೇಶ, 1985ರ ಅಡಿಯಲ್ಲಿ ಅನುಮತಿ ಪಡೆದಿದೆಯೇ ಎಂದು ಚೀಲದ ಮೇಲೆ ನೋಡಿ, ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಸಸ್ಯಜನ್ಯ ಯೂರಿಯೇಸ್ ಪ್ರತಿಬಂಧಕಗಳ ಬಗ್ಗೆಯೂ ಒಂದು ಮಾತು. ಕ್ರಿಯಾಸ್ಥಾನದ ಮುಚ್ಚಳದಲ್ಲಿ ಗಂಧಕ ಹೊಂದಿದ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ. ಕ್ಯಾಟಿಕಾಲ್, ಕ್ವಿನೋನ್ ಮುಂತಾದ ಸಂಯುಕ್ತಗಳು ಅದಕ್ಕೆ ಅಂಟಿ ಮುಚ್ಚಳ ಅಲುಗದಂತೆ ಮಾಡುವುದು ಸ್ಫಟಿಕಗಳಲ್ಲಿ ಕಂಡಿದೆ. ಈ ವರ್ಗಕ್ಕೆ ಹತ್ತಿರದ ಒಗರು ಪದಾರ್ಥಗಳು ಅನೇಕ ಗಿಡಗಳಲ್ಲಿವೆ. ಆದರೆ ಪರೀಕ್ಷಾ ನಳಿಕೆಯಲ್ಲಿ ಕಿಣ್ವವೊಂದೇ ಇರುತ್ತದೆ; ಮಣ್ಣಿನಲ್ಲಿ ಅವು ಅಂಟಿಕೊಳ್ಳಲು ನೂರಾರು ಬೇರೆ ವಸ್ತುಗಳಿವೆ. ನಳಿಕೆಯ ಫಲಿತಾಂಶವನ್ನಷ್ಟೇ ತೋರಿಸಿ ಮಾರುವ ದ್ರಾವಣಗಳ ಬಗ್ಗೆ ಎಚ್ಚರವಿರಲಿ; ಹೊಲದ ಪ್ರಯೋಗದ ಅಂಕಿ ಅಂಶ ಕೇಳಿ.

ಬೇವು ತಡೆಯುವುದು ಬೇರೊಂದು ಬಾಗಿಲನ್ನು

ದೇಶದಲ್ಲಿ ತಯಾರಾಗುವ ಯೂರಿಯಾವೆಲ್ಲ ಬೇವು ಲೇಪಿತವಾಗಿರಬೇಕೆಂಬ ನಿಯಮ 2015ರಲ್ಲಿ ಬಂದಿತು. ಬೇವಿನ ಎಣ್ಣೆಯ ಅಂಶಗಳು ಮುಖ್ಯವಾಗಿ ತಡೆಯುವುದು ಎರಡನೆಯ ಹಂತವನ್ನು, ಅಂದರೆ ಅಮೋನಿಯಂ ನೈಟ್ರೇಟ್ ಆಗುವ ನೈಟ್ರೀಕರಣವನ್ನು. ಆ ಹಂತವನ್ನು ನಡೆಸುವುದು ನೈಟ್ರೊಸೊಮೊನಾಸ್ ಮೊದಲಾದ ಸೂಕ್ಷ್ಮಾಣುಗಳು. ಅವುಗಳ ಅಮೋನಿಯಾ ಮಾನೋಆಕ್ಸಿಜಿನೇಸ್ ಎಂಬ ಕಿಣ್ವದಲ್ಲಿ ನಿಕ್ಕಲ್ ಬದಲು ತಾಮ್ರವಿದ್ದು, ಅದರ ರಚನೆಯೇ ಬೇರೆ. ಒಂದು ಬಾಗಿಲಿನ ಚಿಲಕ ಇನ್ನೊಂದು ಬಾಗಿಲಿಗೆ ಹೊಂದುವುದಿಲ್ಲ. ನೈಟ್ರೇಟ್ ಬಸಿದು ಹೋಗುವ ಮತ್ತು ಜೌಗಿನಲ್ಲಿ ಅನಿಲವಾಗುವ ನಷ್ಟವನ್ನು ಬೇವು ತಗ್ಗಿಸುತ್ತದೆ. ಅದು ಸಣ್ಣ ಉಪಕಾರವಲ್ಲ. ಆದರೆ ಯೂರಿಯಾ ಅಮೋನಿಯಾ ಆಗುವ ಮೊದಲ ಹಂತವನ್ನು ಹೇಳಿಕೊಳ್ಳುವಷ್ಟು ತಡೆಯದು. ನೈಟ್ರೀಕರಣ ನಿಧಾನವಾದಾಗ ಅಮೋನಿಯಂ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಅದು ಮಣ್ಣಿನೊಳಗೆ ನಿಂತರೆ ಒಳ್ಳೆಯದು. ಕ್ಷಾರ ಮಣ್ಣಿನ ಮೇಲ್ಮೈಯಲ್ಲಿ ನಿಂತರೆ ಗಾಳಿಗೆ ಹೋಗಲು ಇನ್ನಷ್ಟು ಸಮಯ ಕೊಟ್ಟಂತಾಗುತ್ತದೆ.

ಹೊಲದಲ್ಲಿ ಮಾಡಬೇಕಾದದ್ದು

ಅಮೋನಿಯಂ ಎಷ್ಟು, ಅನಿಲ ರೂಪದ ಅಮೋನಿಯಾ ಎಷ್ಟು ಎಂಬುದನ್ನು ರಸಸಾರ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಸಸಾರ 7 ಇದ್ದಾಗ ಅನಿಲ ರೂಪದ್ದು ಶೇ 1ಕ್ಕೂ ಕಡಿಮೆ. 8 ಇದ್ದಾಗ ಸುಮಾರು ಶೇ 5. 9 ಇದ್ದಾಗ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಉತ್ತರ ಕರ್ನಾಟಕದ ಕಪ್ಪು ಎರೆ ಮಣ್ಣುಗಳಲ್ಲಿ ರಸಸಾರ 8ರ ಮೇಲಿರುವುದು ಸಾಮಾನ್ಯ. ಕೆಂಪು ಮಣ್ಣಿನ ರೈತರೂ ನಿಶ್ಚಿಂತರಾಗಿರುವಂತಿಲ್ಲ. ಯೂರಿಯಾ ಕಾಳು ಕರಗಿ ಒಡೆಯುವಾಗ ಅದರ ಸುತ್ತಲಿನ ಚೂರು ಮಣ್ಣಿನ ರಸಸಾರ 9ರ ಹತ್ತಿರಕ್ಕೆ ಏರುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಆ ಏರಿಕೆಯನ್ನು ತಡೆದು ಅಮೋನಿಯಂ ಹಿಡಿದಿಡುವ ಶಕ್ತಿ ಕಡಿಮೆ. ಬೆಚ್ಚಗಿನ ತೇವವುಳ್ಳ ಮಣ್ಣಿನಲ್ಲಿ ಯೂರಿಯಾದ ಬಹುಪಾಲು ಒಂದು ವಾರದೊಳಗೆ ಒಡೆದು ಮುಗಿಯುತ್ತದೆ. ನಮ್ಮ ಕೈಯಲ್ಲಿರುವುದು ಆ ಮೊದಲ ಕೆಲವು ದಿನಗಳು.

ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡುವಾಗ ಗಿಡದ ಸಾಲಿನ ಪಕ್ಕದಲ್ಲಿ ಹಾಕಿ ಅದೇ ದಿನ ಎಡೆಕುಂಟೆ ಹೊಡೆದು ಮಣ್ಣು ಏರಿಸಬೇಕು. 5 ಸೆಂ.ಮೀ. ಮಣ್ಣಿನ ಹೊದಿಕೆ ಸಾಕು. ಮೇಲೇರುವ ಅಮೋನಿಯಾವನ್ನು ಮಣ್ಣಿನ ಕಣಗಳು ಹಿಡಿದುಕೊಳ್ಳುತ್ತವೆ. ಮಳೆಯಾಶ್ರಿತ ರಾಗಿಯಲ್ಲಿ ಮಳೆಯ ಸೂಚನೆ ನೋಡಿ ಹಾಕುವುದು ಲೇಸು. 10 ರಿಂದ 15 ಮಿ.ಮೀ. ಮಳೆ ಯೂರಿಯಾವನ್ನು ಒಳಕ್ಕೆ ಇಳಿಸುತ್ತದೆ. ತುಂತುರು ಮಳೆ ಮತ್ತು ಮುಂಜಾನೆಯ ಇಬ್ಬನಿ ಮಾತ್ರ ಕೆಟ್ಟವು: ಕಾಳನ್ನು ಕರಗಿಸುತ್ತವೆ, ಕಿಣ್ವಕ್ಕೆ ಬೇಕಾದ ನೀರು ಒದಗಿಸುತ್ತವೆ, ಆದರೆ ಒಳಗೆ ಇಳಿಸುವುದಿಲ್ಲ. ಮೇಲ್ಮೈ ಪೂರ್ತಿ ಒಣಗಿದ್ದಾಗ ಹಾಕಿದ ಯೂರಿಯಾ ಮುಂದಿನ ಮಳೆಯವರೆಗೆ ಸಾಕಷ್ಟು ಹಾಗೆಯೇ ಉಳಿದೀತು. ಇಬ್ಬನಿ ಬಿದ್ದ ನೆಲದ ಮೇಲೆ ಹಾಕಿದ್ದು ಉಳಿಯದು.

ಕಬ್ಬಿನ ಕೂಳೆ ಬೆಳೆಯಲ್ಲಿ ರವದಿಯನ್ನು ಸುಡದೆ ಹೊಲದಲ್ಲಿಯೇ ಬಿಡುವುದು ಉತ್ತಮ ಪದ್ಧತಿ. ಅದನ್ನು ನಾವೇ ಶಿಫಾರಸು ಮಾಡುತ್ತೇವೆ. ಆದರೆ ಕೊಳೆಯುತ್ತಿರುವ ರವದಿಯಲ್ಲಿ ಸೂಕ್ಷ್ಮಾಣುಗಳು ತುಂಬಿರುವುದರಿಂದ ಯೂರಿಯೇಸ್ ಬರಿ ಮಣ್ಣಿಗಿಂತ ಹೆಚ್ಚಾಗಿರುತ್ತದೆ, ಅಮೋನಿಯಂ ಹಿಡಿದುಕೊಳ್ಳುವ ಜೇಡಿ ಅಲ್ಲಿಲ್ಲ. ರವದಿಯ ಮೇಲೆ ಯೂರಿಯಾ ಎರಚುವುದು ನಷ್ಟಕ್ಕೆ ಅತ್ಯಂತ ಅನುಕೂಲಕರ ವಿಧಾನ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಸರಿಸಿ, ಬುಡದ ಪಕ್ಕ ಮಣ್ಣಿನಲ್ಲಿ ಹಾಕಿ ಮುಚ್ಚಬೇಕು. ಹನಿ ನೀರಾವರಿ ಇದ್ದವರು ನೀರಿನೊಂದಿಗೆ ಕೊಡುವುದು ಸುರಕ್ಷಿತ. ಗೊಬ್ಬರದ ದ್ರಾವಣ ಬಿಟ್ಟ ನಂತರ ಸ್ವಲ್ಪ ಹೊತ್ತು ಬರಿ ನೀರು ಬಿಡಿ. ಅತಿಯಾಗಿ ಬಿಡಬೇಡಿ, ಒಡೆಯದ ಯೂರಿಯಾಕ್ಕೆ ವಿದ್ಯುದಂಶವಿಲ್ಲದ ಕಾರಣ ಅದು ನೀರಿನ ಜೊತೆಯಲ್ಲಿಯೇ ಬೇರಿನ ಕೆಳಕ್ಕೆ ಇಳಿದುಬಿಡುತ್ತದೆ.

ಭತ್ತದ ಗದ್ದೆಯಲ್ಲಿ ನಿಂತ ನೀರಿನ ವಿಷಯ ಬೇರೆ. ಹಗಲಿನಲ್ಲಿ ಪಾಚಿಯು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ವೇಳೆಗೆ ಗದ್ದೆಯ ನೀರಿನ ರಸಸಾರ 9ನ್ನೂ ದಾಟಬಹುದು. ತುಂಗಭದ್ರಾ ಅಚ್ಚುಕಟ್ಟಿನ ಎರೆ ಭೂಮಿಯಾಗಲಿ, ಕಾವೇರಿ ಅಚ್ಚುಕಟ್ಟಾಗಲಿ, ತುಂಬಿದ ನೀರಿನ ಮೇಲೆ ಬಿಸಿಲಲ್ಲಿ ಎರಚಿದ ಯೂರಿಯಾ ನಷ್ಟಕ್ಕೆ ತೆರೆದಿಟ್ಟಂತೆ. ನೀರು ಬಸಿದು, ಕೆಸರಿನ ಮೇಲೆ ಹಾಕಿ, ಕೋನೋವೀಡರ್ ಓಡಿಸಿ ಅಥವಾ ಕಳೆ ತೆಗೆಯುವಾಗ ಕೆಸರಿನಲ್ಲಿ ಬೆರೆಸಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಬೇಕು. ಬೂದಿ, ಸುಣ್ಣ ಇವುಗಳನ್ನು ಯೂರಿಯಾದೊಂದಿಗೆ ಬೆರೆಸಬಾರದೆಂಬ ಹಳೆಯ ಎಚ್ಚರಿಕೆಗೂ ರಸಸಾರವೇ ಕಾರಣ. ಒಟ್ಟು ಪ್ರಮಾಣವನ್ನು ಮಣ್ಣು ಪರೀಕ್ಷೆ ಮತ್ತು ಬೆಳೆಯ ಶಿಫಾರಸಿನಂತೆಯೇ ನಿರ್ಧರಿಸಿ. ಗಾಳಿಗೆ ಹೋಗುವುದನ್ನು ಲೆಕ್ಕ ಹಿಡಿದು ಮೊದಲೇ ಹೆಚ್ಚು ಸುರಿಯುವ ರೂಢಿ ಬೇಡ.

ಕೊಟ್ಟಿಗೆಯಲ್ಲಿ

ದನಗಳ ದೊಡ್ಡ ಹೊಟ್ಟೆಯ ದುಂಡಾಣುಗಳಲ್ಲಿಯೂ ಯೂರಿಯೇಸ್ ತುಂಬಿದೆ. ಯೂರಿಯಾ ಚೀಲ ನೆಕ್ಕಿದ ಅಥವಾ ಗೊಬ್ಬರ ಕರಗಿಸಿದ ಡ್ರಮ್ಮಿನ ನೀರು ಕುಡಿದ ಎತ್ತು, ಹಸು ಕೆಲವೇ ಹೊತ್ತಿನಲ್ಲಿ ನಡುಗಿ, ಜೊಲ್ಲು ಸುರಿಸಿ, ಹೊಟ್ಟೆ ಉಬ್ಬರಿಸಿ ಬೀಳಲು ಕಾರಣ ಒಮ್ಮೆಗೇ ಬಿಡುಗಡೆಯಾದ ಅಮೋನಿಯಾ. ತಣ್ಣೀರಿನಲ್ಲಿ ವಿನೆಗರ್ ಬೆರೆಸಿ ಕುಡಿಸುವ ಪ್ರಥಮ ಚಿಕಿತ್ಸೆಯ ಹಿಂದಿನ ತರ್ಕ ಈಗ ತಿಳಿಯಬಹುದು: ತಂಪು ಕಿಣ್ವವನ್ನು ನಿಧಾನಗೊಳಿಸುತ್ತದೆ, ಹುಳಿ ಅಮೋನಿಯಾವನ್ನು ರಕ್ತಕ್ಕೆ ಸುಲಭವಾಗಿ ಸೇರದ ಅಮೋನಿಯಂ ಆಗಿಸುತ್ತದೆ. ಮಲಗಿದ ಅಥವಾ ನುಂಗಲಾರದ ಪಶುವಿಗೆ ಬಲವಂತವಾಗಿ ಕುಡಿಸಿದರೆ ದ್ರವ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ವಿಳಂಬ ಮಾಡದೆ ಪಶುವೈದ್ಯರನ್ನು ಕರೆಸಬೇಕು. ಯೂರಿಯಾ ಸೇರಿಸಿದ ಪಶು ಆಹಾರದಲ್ಲಿ ಹಸಿ ಸೋಯಾ ಅವರೆ ಹಿಟ್ಟು ಬೆರೆಸಬಾರದು. ಕಾಳಿನ ಯೂರಿಯೇಸ್ ಆಹಾರದ ಚೀಲದಲ್ಲಿಯೇ ಕೆಲಸ ಆರಂಭಿಸುತ್ತದೆ.

ಇದೇ ಕಿಣ್ವದ ವೇಗ ನಮಗೆ ಬೇಕಾಗುವ ಸಂದರ್ಭವೂ ಒಂದಿದೆ. ಭತ್ತದ ಹುಲ್ಲು, ರಾಗಿ ಹುಲ್ಲುಗಳ ಪೌಷ್ಟಿಕತೆ ಹೆಚ್ಚಿಸಲು 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮೂರು ವಾರ ಇಡುತ್ತೇವೆ. ಹುಲ್ಲಿನಲ್ಲಿರುವ ಸೂಕ್ಷ್ಮಾಣುಗಳ ಯೂರಿಯೇಸ್ ಒಳಗೆ ಅಮೋನಿಯಾ ಬಿಡುಗಡೆ ಮಾಡಿ ನಾರನ್ನು ಸಡಿಲಗೊಳಿಸುತ್ತದೆ. ಹಾಳೆಯಲ್ಲಿ ತೂತುಗಳಿದ್ದರೆ, ಹುಲ್ಲು ಸರಿಯಾಗಿ ತೇವವಾಗದಿದ್ದರೆ ಉಪಚಾರ ಕೆಡುತ್ತದೆ. ಮೊದಲ ದಿನಗಳಲ್ಲಿಯೇ ರಾಶಿಯ ಬಳಿ ತೀಕ್ಷ್ಣ ವಾಸನೆ ಬಂದರೆ ಹಾಳೆ ಎಲ್ಲೋ ಸೋರುತ್ತಿದೆ ಎಂದು ತಿಳಿದು ಅಂಚುಗಳಿಗೆ ಮಣ್ಣು ಒತ್ತಬೇಕು. ಮೂರು ವಾರಗಳ ನಂತರ ಒಂದು ಬದಿಯಿಂದ ದಿನಕ್ಕೆ ಬೇಕಾದಷ್ಟೇ ಹುಲ್ಲು ತೆಗೆದು, ವಾಸನೆ ಹೋಗುವವರೆಗೆ ಹರಡಿ, ಆನಂತರ ದನಗಳಿಗೆ ಮೊದಮೊದಲು ಸ್ವಲ್ಪವೇ ಹಾಕಿ ಅಭ್ಯಾಸ ಮಾಡಿಸಬೇಕು. ಆರು ತಿಂಗಳಿಗಿಂತ ಚಿಕ್ಕ ಕರುಗಳಿಗೆ ಇದನ್ನು ಕೊಡಬಾರದು.